ಕಪ್ಪಾಗುವ ವಯಸ್ಸು

ಕೇಳುಗರಿಗೆ ನಮಸ್ಕಾರ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿಗೆ ನಸುಕಿನಲ್ಲಿ ಹೋಗಿ ನಿಂತರೆ ಕಣ್ಣಿಗೆ ಬೀಳುವುದು ಒಣಹುಲ್ಲು, ಅಲ್ಲಲ್ಲಿ ಜಾಲಿಗಿಡ, ದೂರದಲ್ಲಿ ಗುಡ್ಡಗಳ ಗೆರೆ, ಇಷ್ಟೇ. ಬೆಳಕು ಹರಿಯುತ್ತಿದ್ದಂತೆ ಆ ಹುಲ್ಲಿನ ಬಣ್ಣವೇ ತುಂಡುತುಂಡಾಗಿ ಎದ್ದು ನಡೆಯತೊಡಗುತ್ತದೆ. ಅವು ಹೆಣ್ಣುಗಳು, ಜೊತೆಗೆ ಮರಿಗಳು. ಸ್ವಲ್ಪ ಹೊತ್ತಿಗೆ ಅವುಗಳ ಪಕ್ಕದಲ್ಲಿ ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ, ತಿರುಚಿದ ಕೊಂಬಿನ ಒಂದು ಗಂಡು ತಲೆ ಎತ್ತುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಅದನ್ನು ಜಿಂಕೆ ಎಂದೇ ಕರೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಅದು ಚಿಗರಿ. ಹಳೆಯ ಕಾವ್ಯಗಳಲ್ಲಿ ಎರಳೆ, ಹುಲ್ಲೆ. ಪುಸ್ತಕದ ಹೆಸರು ಕೃಷ್ಣಮೃಗ.

ನಾನು ಈ ಸೀಮೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ನಿವೃತ್ತಿಯ ನಂತರ ಕೃಷ್ಣಮೃಗ ನೋಡುವುದೇ ನನಗೆ ದೊಡ್ಡ ಕೆಲಸವಾಗಿದೆ. ಇದರ ಆಯಸ್ಸನ್ನು ಮೈಮೇಲೆ ಓದುವುದು ಹೇಗೆ ಎಂಬುದನ್ನು ಇವತ್ತು ನಿಮಗೆ ಹೇಳಬೇಕೆಂದು ಬಂದಿದ್ದೇನೆ.

ಅದಕ್ಕೆ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ. ಪ್ರತಿವರ್ಷ ಉದುರಿ ಹೊಸದು ಹುಟ್ಟುತ್ತದೆ. ಕೃಷ್ಣಮೃಗದ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಒಳಗೆ ಮೂಳೆಯ ತಿರುಳು, ಮೇಲೆ ನಮ್ಮ ಉಗುರಿನಂಥ ವಸ್ತುವಿನ ಕವಚ. ಥೇಟ್ ನಮ್ಮ ದನ, ಕುರಿ, ಮೇಕೆಗಳ ಹಾಗೆ. ವಂಶದಲ್ಲಿಯೂ ಅದು ಆ ಕಡೆಯ ನಂಟೇ. ಆದ್ದರಿಂದ ಅದು ಜಿಂಕೆಯಲ್ಲ, ಹುಲ್ಲೆ. ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗದಲ್ಲಿರುವ ನಾಲ್ಕು ಕೊಂಬಿನ ಕೊಂಡಕುರಿಯೂ ಇದೇ ಬಳಗದ್ದು.

ಒಮ್ಮೆ ಬಯಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ಕೊಂಬಿನ ಉಂಗುರ ಎಣಿಸಿದರೆ ಅದರ ವಯಸ್ಸು ಸಿಗುತ್ತದಂತೆ, ಹೌದೇ?" ನಾನೂ ಚಿಕ್ಕಂದಿನಲ್ಲಿ ಹಾಗೆಯೇ ನಂಬಿದ್ದವನು. ಆದರೆ ಬಲಿತ ಗಂಡಿನ ಕೊಂಬಿನಲ್ಲಿ ಇರುವ ಉಂಗುರಗಳು ಅದು ಬದುಕುವ ವರ್ಷಗಳಿಗಿಂತ ಹೆಚ್ಚು. ಉಂಗುರಕ್ಕೊಂದು ವರ್ಷ ಎಂದು ಲೆಕ್ಕ ಹಾಕಿದರೆ ಕೃಷ್ಣಮೃಗ ಆನೆಯಷ್ಟು ಕಾಲ ಬಾಳಬೇಕಾದೀತು. "ಅಣ್ಣಾ, ಉಂಗುರ ಬಿಡಿ, ಕೊಂಬಿನ ಸುರುಳಿ ನೋಡಿ, ಮೈಬಣ್ಣ ನೋಡಿ" ಎಂದೆ. ಅವರು ಕೋಲು ಊರಿಕೊಂಡು ಬಹಳ ಹೊತ್ತು ನೋಡಿದರು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಬಲ್ಲವರು ಅವರು. ನಾನು ಹೇಳಿದ್ದನ್ನು ನನಗಿಂತ ಬೇಗ ಹಿಡಿದುಕೊಂಡರು.

ಹುಟ್ಟಿದ ಮರಿ, ಗಂಡಾಗಲಿ ಹೆಣ್ಣಾಗಲಿ, ಒಣಹುಲ್ಲಿನ ಬಣ್ಣದ್ದು. ಹೆಣ್ಣು ಕಡೆಯವರೆಗೂ ಆ ಬಣ್ಣದಲ್ಲಿಯೇ ಉಳಿಯುತ್ತದೆ. ಕೊಂಬು ಸಾಮಾನ್ಯವಾಗಿ ಅದಕ್ಕೆ ಮೂಡುವುದಿಲ್ಲ. ಗಂಡಿಗೆ ಮೊದಲು ಎರಡು ನೆಟ್ಟನೆಯ ಮೊನೆಗಳು ಬರುತ್ತವೆ. ವಯಸ್ಸು ಏರಿದಂತೆ ಅವು ಒಂದು ಸುತ್ತು ತಿರುಚಿಕೊಳ್ಳುತ್ತವೆ, ಆಮೇಲೆ ಇನ್ನೊಂದು. ಬಲಿತ ಗಂಡಿನಲ್ಲಿ ಮೂರು ನಾಲ್ಕು ಸುತ್ತು ಕಾಣುವುದುಂಟು. ಕೊಂಬಿನ ಉದ್ದ ಒಂದು ಅಡಿಯಿಂದ ಎರಡೂವರೆ ಅಡಿಯವರೆಗೆ ಇರುತ್ತದೆ. ಮೈಬಣ್ಣ ಇನ್ನೂ ನಿಧಾನ. ಕಂದು ಗಾಢವಾಗುತ್ತಾ, ಮೂರನೆಯ ವರ್ಷ ದಾಟಿದ ಮೇಲೆ ಕಪ್ಪಿನ ಕಡೆಗೆ ವಾಲುತ್ತದೆ. ಹೊಟ್ಟೆ, ಗದ್ದ, ಕಣ್ಣಿನ ಸುತ್ತಣ ಬಳೆ ಮಾತ್ರ ಬಿಳಿಯಾಗಿಯೇ ಉಳಿಯುತ್ತವೆ. ಈ ಕಪ್ಪಿಗೂ ಗಂಡಿನ ಹಾರ್ಮೋನಿಗೂ ನೇರ ನಂಟಿದೆ. ಬೆದೆಯ ಕಾಲ ಮುಗಿದು ಬಿಸಿಲು ಏರಿದಾಗ ಎಷ್ಟೋ ಗಂಡುಗಳ ಕಪ್ಪು ಮಾಸಿ ಕಂದಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕಂದು ಗಂಡನ್ನು ನೋಡಿ ಇದು ಎಳೆಯದು ಎಂದು ತೀರ್ಮಾನಿಸಬಾರದು. ಕೊಂಬಿನ ಸುತ್ತನ್ನೂ ನೋಡಬೇಕು.

ಬಯಲಿನಲ್ಲಿ ಇದರ ಆಯಸ್ಸು ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷ. ಮೃಗಾಲಯದ ಆರೈಕೆಯಲ್ಲಿ 15 ವರ್ಷ ದಾಟುವುದೂ ಉಂಟು. ಹತ್ತು ಹನ್ನೆರಡು ವರ್ಷ ಎಂದರೆ ನಮ್ಮ ಶಾಲೆಗೆ ಒಂದನೇ ತರಗತಿಗೆ ಸೇರಿದ ಹುಡುಗ ಹತ್ತನೆಯದನ್ನೋ ಪಿಯುಸಿಯನ್ನೋ ಮುಗಿಸುವಷ್ಟು ಕಾಲ. ಅದರಲ್ಲಿ ಗಂಡಿಗೆ ಕಪ್ಪಾಗಲಿಕ್ಕೇ ಮೂರು ನಾಲ್ಕು ವರ್ಷ ಬೇಕು. ನಾವು ಹೊಲದ ಬದುವಿನಲ್ಲಿ ನಿಂತು "ಆಹಾ" ಎನ್ನುವ ಆ ಕಪ್ಪು ಗಂಡು, ನಾಯಿಗಳಿಂದ, ಬರದಿಂದ, ತೆರೆದ ಬಾವಿಯಿಂದ, ರಸ್ತೆಯಿಂದ ಪಾರಾಗಿ ಬಂದಿರುವಂಥದ್ದು. ಅದಕ್ಕೇ ಅದನ್ನು ಕಂಡಾಗಲೆಲ್ಲ ನನಗೆ ಒಂದು ಬಗೆಯ ಗೌರವ ಹುಟ್ಟುತ್ತದೆ.

ಗಾತ್ರದಲ್ಲಿ ಇದು ದೊಡ್ಡ ಪ್ರಾಣಿಯೇನಲ್ಲ. ಭುಜದ ಎತ್ತರ 75ರಿಂದ 85 ಸೆಂಟಿಮೀಟರ್, ನಮ್ಮ ಊಟದ ಮೇಜಿನಷ್ಟು. ಗಂಡು ಸರಾಸರಿ 35, 40 ಕಿಲೋ ತೂಗುತ್ತದೆ; ಹೆಣ್ಣು ಅದಕ್ಕಿಂತ ಹಗುರ. ಒಂದು ಸಿಮೆಂಟ್ ಚೀಲಕ್ಕಿಂತ ಕಡಿಮೆ ತೂಕದ ಈ ಜೀವ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಇಂದು ಅದನ್ನು ಅಟ್ಟಿಸಿಕೊಂಡು ಬರುವ ತೋಳಕ್ಕಾಗಲಿ ನಾಯಿಗಾಗಲಿ ಅಷ್ಟು ವೇಗವಿಲ್ಲ. ಒಂದು ಕಾಲಕ್ಕೆ ನಮ್ಮ ದೇಶದ ಬಯಲುಗಳಲ್ಲಿ ಚೀತಾ ಇತ್ತು, ಹಳಬರು ಸಿವಂಗಿ ಎನ್ನುತ್ತಿದ್ದದ್ದು. 1952ರಲ್ಲಿ ಅದು ದೇಶದಿಂದಲೇ ಅಳಿದುಹೋಯಿತೆಂದು ಘೋಷಿಸಿದರು. ಬೆನ್ನಟ್ಟುತ್ತಿದ್ದವನು ಹೋದ, ಆ ಓಟ ಮಾತ್ರ ಹುಲ್ಲೆಯ ಕಾಲುಗಳಲ್ಲಿ ಉಳಿದುಕೊಂಡಿದೆ.

ಓಟಕ್ಕೂ ನೋಟಕ್ಕೂ ಬೇಕಾದದ್ದು ಬಯಲು. ಕೃಷ್ಣಮೃಗ ಹಗಲಿನ ಪ್ರಾಣಿ, ವೈರಿಯನ್ನು ಕಣ್ಣಿನಿಂದಲೇ ದೂರದಲ್ಲಿ ಗುರುತಿಸುತ್ತದೆ. ದಟ್ಟ ಮರಗಳ ನಡುವೆ ಅದು ಕುರುಡಾದಂತೆಯೇ. ಇಲ್ಲಿ ನನ್ನ ಮನಸ್ಸಿನ ನೋವನ್ನು ಹೇಳಿಬಿಡುತ್ತೇನೆ. ಹುಲ್ಲುಗಾವಲನ್ನು ನಾವು ದಾಖಲೆಯಲ್ಲಿ ಖರಾಬು ಎಂದು ಬರೆದೆವು, ಬಾಯಿಮಾತಿನಲ್ಲಿ ಬಂಜರು ಎಂದೆವು. ಮರ ನೆಟ್ಟರೆ ಪುಣ್ಯ ಎಂಬ ಒಳ್ಳೆಯ ಮಾತನ್ನು ಎಲ್ಲ ನೆಲಕ್ಕೂ ಒಂದೇ ಸಮ ಹಚ್ಚಿದೆವು. ಕೃಷ್ಣಮೃಗಕ್ಕೆಂದೇ 1974ರಲ್ಲಿ ಮಾಡಿದ ರಾಣೆಬೆನ್ನೂರಿನ ಧಾಮದಲ್ಲಿಯೂ ನೀಲಗಿರಿ ತೋಪುಗಳೆದ್ದವು. ಹುಲ್ಲು ಬೆಳೆದು ನಿಂತ ಗೋಮಾಳ ಬರಿದಾದ ನೆಲವಲ್ಲ, ಅದೊಂದು ತುಂಬಿದ ಮನೆ. ನಮ್ಮ ಪುಣ್ಯಕ್ಕೆ ಮೈದನಹಳ್ಳಿಯ ಸುಮಾರು 798 ಎಕರೆಯನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರೇ ಅದಕ್ಕೆ. ಆದರೆ ಹುಲ್ಲೆಗೆ ಸರ್ವೆ ಕಲ್ಲು ಗೊತ್ತಿಲ್ಲ. ಮೇಯುತ್ತಾ ಮೇಯುತ್ತಾ ಅದು ನಮ್ಮ ಕಡಲೆಕಾಯಿ, ರಾಗಿ, ಹುರುಳಿ ಹೊಲಗಳಿಗೆ ಇಳಿಯುತ್ತದೆ. ರೈತನಿಗೆ ನಷ್ಟವಾಗುತ್ತದೆ ಎಂಬುದು ಸುಳ್ಳಲ್ಲ. ಆ ನಷ್ಟಕ್ಕೆ ಪರಿಹಾರ ಹೊತ್ತಿಗೆ ಸರಿಯಾಗಿ ರೈತನ ಕೈಸೇರಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹೊಲದ ಮಾತು ಬಂದದ್ದರಿಂದ, ಒಂದು ಮಳೆಗಾಲದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕಡಲೆಕಾಯಿ ಕಳೆ ಕೀಳುವ ಹೊತ್ತು. ಸಾಲು ಹಿಡಿದು ಕುಳಿತಿದ್ದ ಹೆಂಗಸರಲ್ಲಿ ಒಬ್ಬರು ಕಳೆ ಕೀಳಲು ಎತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನನ್ನು ಕರೆದರು. ಎರಡು ಸಾಲುಗಳ ನಡುವೆ ಕೃಷ್ಣಮೃಗದ ಮರಿ ಮಲಗಿತ್ತು. ಕತ್ತನ್ನು ನೆಲಕ್ಕೆ ಚಾಚಿ, ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡಿತ್ತು. ಗೊರಸಿನ ತುದಿ ಇನ್ನೂ ಮೆತ್ತಗಿದ್ದಂತೆ ಕಾಣುತ್ತಿತ್ತು. ರೆಪ್ಪೆಯ ಮೇಲೆ ನೊಣ ಕುಳಿತರೂ ಕಣ್ಣು ಮಿಟುಕಿಸಲಿಲ್ಲ. ಪಕ್ಕೆ ಮಾತ್ರ ಬೇಗ ಬೇಗ ಏರಿಳಿಯುತ್ತಿತ್ತು.

"ಅಯ್ಯೋ ಪಾಪ, ತಾಯಿ ಬಿಟ್ಟುಹೋಗಿದೆ ಮೇಷ್ಟ್ರೇ, ಮನೆಗೆ ಒಯ್ದು ಮೇಕೆ ಹಾಲು ಕುಡಿಸಲೇ?" ಎಂದರು ಆಕೆ. ಕರುಳಿನಿಂದ ಬಂದ ಮಾತು ಅದು. ಆದರೆ ತಾಯಿ ಬಿಟ್ಟುಹೋಗಿರಲಿಲ್ಲ. ಆರು ತಿಂಗಳು ಹೊತ್ತು ಹೆತ್ತ ಒಂದೇ ಮರಿ ಅದು. ಮೊದಲ ದಿನಗಳಲ್ಲಿ ತಾಯಿ ಮರಿಯನ್ನು ಹೀಗೆ ಅಡಗಿಸಿಟ್ಟು ದೂರದಲ್ಲಿ ಮೇಯುತ್ತದೆ, ಹೊತ್ತು ಹೊತ್ತಿಗೆ ಬಂದು ಹಾಲುಣಿಸುತ್ತದೆ. ತಾನು ಹತ್ತಿರ ನಿಂತರೆ ನಾಯಿ, ನರಿಗಳಿಗೆ ಮರಿ ಇರುವ ಜಾಗವನ್ನು ತೋರಿಸಿಕೊಟ್ಟಂತೆ ಎಂಬುದು ಅದಕ್ಕೆ ತಿಳಿದಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದೆವು. ಮೂರು ಹೊಲದ ಆಚೆ, ಹುಣಸೆಮರದ ನೆರಳಿನಂಚಿನಲ್ಲಿ ಒಂದು ಹೆಣ್ಣು ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಾ ನಿಂತಿತ್ತು.

ಕೇಳುಗರೇ, ಇಂಥ ಮರಿ ನಿಮಗೆ ಸಿಕ್ಕರೆ ಮುಟ್ಟಬೇಡಿ, ಎತ್ತಬೇಡಿ. ನಾಯಿಗಳನ್ನು ದೂರ ಅಟ್ಟಿ, ನೀವೂ ದೂರ ಸರಿಯಿರಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿಕಳುಹಿಸಿ. 1972ರ ವನ್ಯಜೀವಿ ಕಾಯಿದೆ ಇದನ್ನು ಒಂದನೇ ಪಟ್ಟಿಯಲ್ಲಿ ಇಟ್ಟಿದೆ. ಮನೆಯಲ್ಲಿ ಸಾಕುವುದೂ ಅಪರಾಧವೇ.

ಆ ಹೆಂಗಸರು ಏನೂ ಚರ್ಚೆ ಮಾಡಲಿಲ್ಲ. ಆ ಎರಡು ಸಾಲು ಬಿಟ್ಟು ಆಚೆಯ ಅಂಚಿನಿಂದ ಕಳೆ ಕೀಳತೊಡಗಿದರು, ದನಿ ತಗ್ಗಿಸಿ ಮಾತಾಡಿದರು. ಸಂಜೆ ಅವರು ಮನೆಗೆ ಹೊರಟ ಮೇಲೆ ನಾನು ಬದುವಿನ ಮೇಲೆ ಕುಳಿತಿದ್ದೆ. ಹೊತ್ತು ಮುಳುಗುವಾಗ ಹುಣಸೆಮರದ ಕಡೆಯಿಂದ ಆ ಹೆಣ್ಣು ನಿಂತು ನಿಂತು ಬಂತು. ಗಿಡಗಳ ನಡುವಿನಿಂದ ಮರಿ ಎದ್ದು, ನಾಲ್ಕೂ ಕಾಲು ನಡುಗಿಸುತ್ತಾ, ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಮಾರನೆಯ ದಿನ ಬಂದಾಗ ಮರಿ ಅಲ್ಲಿರಲಿಲ್ಲ. ಕಳೆ ಕೀಳದೆ ಬಿಟ್ಟ ಆ ಎರಡು ಸಾಲಿನ ನಡುವೆ, ಒಂದು ಮೊರದಷ್ಟು ಅಗಲಕ್ಕೆ, ಗರಿಕೆ ಮಲಗಿಕೊಂಡಿತ್ತು.

ನಮಸ್ಕಾರ.