ಹೆದರಿಕೆಯ ಸದ್ದು: ಮಾಬ್ ಡೀಪ್‌ನ ‘ದಿ ಇನ್‌ಫೇಮಸ್’ 30 ವರ್ಷ ಕಳೆದರೂ ಯಾಕೆ ಕಾಡುತ್ತದೆ?

(ಕಪ್ಪು ಪರದೆ. ‘ಶುಕ್ ಒನ್ಸ್ ಪಾರ್ಟ್ 2’ ಹಾಡಿನ ಆರಂಭದ ಬೀಟ್, ಕೆಲವೇ ಸೆಕೆಂಡು. ಆಮೇಲೆ ಮೌನ.)

ಕೇಳಿದ್ರಾ? ಇನ್ನೂ ರ‍್ಯಾಪ್ ಶುರುವಾಗಿಲ್ಲ. ಒಂದು ಡ್ರಮ್ಸ್, ಚಿಟ್ ಚಿಟ್ ಅನ್ನುವ ಹೈ-ಹ್ಯಾಟ್, ಕೆಳಗೆಲ್ಲೋ ಮುಲುಗುವ ಹಾಗೆ ಎರಡು ಮೂರು ಸ್ವರ. ಅಷ್ಟೇ. ಆದರೂ ಏನೋ ಆಗಬಾರದ್ದು ಆಗಲಿದೆ ಅಂತ ಮೈಗೆ ಗೊತ್ತಾಗಿಬಿಡುತ್ತದೆ.

ನಮಸ್ಕಾರ. ಇವತ್ತಿನ ವಿಡಿಯೋ ನ್ಯೂಯಾರ್ಕ್‌ನ ರ‍್ಯಾಪ್ ಜೋಡಿ ಮಾಬ್ ಡೀಪ್‌ನ ಎರಡನೇ ಆಲ್ಬಂ ‘ದಿ ಇನ್‌ಫೇಮಸ್’ ಬಗ್ಗೆ. ಬಿಡುಗಡೆಯಾದದ್ದು 1995ರ ಏಪ್ರಿಲ್ 25ರಂದು. ಆಗ ಜೋಡಿಯ ಇಬ್ಬರಿಗೂ 20 ವರ್ಷ. ಒಬ್ಬ ಹ್ಯಾವಕ್, ಇನ್ನೊಬ್ಬ ಪ್ರಾಡಿಜಿ. ನಾನು ಈ ಆಲ್ಬಂ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಮೊದಮೊದಲು ಇದು ಧೈರ್ಯದ ಆಲ್ಬಂ ಅಂದುಕೊಂಡಿದ್ದೆ. ಗನ್ನು, ಗ್ಯಾಂಗು, ಯಾರಿಗೂ ಜಗ್ಗದ ಹುಡುಗರು. ಕೇಳ್ತಾ ಕೇಳ್ತಾ ಒಂದು ದಿನ ಬೇರೆಯೇ ಹೊಳೆಯಿತು. ಇದು ಹೆದರಿಕೆಯ ಆಲ್ಬಂ. ಈ ಹುಡುಗರು ಹೆದರಿದ್ದಾರೆ. ಅದನ್ನ ಮುಚ್ಚಿಡೋಕೂ ಜಾಸ್ತಿ ಕಷ್ಟಪಟ್ಟಿಲ್ಲ.

ಅದು ಹೇಗೆ ಅಂತ ತೋರಿಸ್ತೀನಿ, ಬನ್ನಿ.

(ಪರದೆಯ ಮೇಲೆ: ನ್ಯೂಯಾರ್ಕ್ ನಗರದ ನಕ್ಷೆ. ಈಸ್ಟ್ ನದಿಯ ಪಕ್ಕ ಒಂದು ಕೆಂಪು ಚುಕ್ಕಿ.)

ನದಿಯ ಆಚೆ ಮ್ಯಾನ್‌ಹಟನ್, ಅದರ ಆಕಾಶ ಮುಟ್ಟುವ ಕಟ್ಟಡಗಳು. ಈಚೆ ದಡದಲ್ಲಿ, ದೊಡ್ಡ ಸೇತುವೆಯ ಪಕ್ಕದಲ್ಲಿ, ಕ್ವೀನ್ಸ್‌ಬ್ರಿಡ್ಜ್ ಹೌಸಸ್. ಬಡವರಿಗೆ ಕಡಿಮೆ ಬಾಡಿಗೆಗೆ ಕೊಡಲು ಸರ್ಕಾರ ಕಟ್ಟಿಸಿದ ಮನೆಗಳು. ಶುರುವಾದದ್ದು 1939ರಲ್ಲಿ. ಆರು ಮಹಡಿಯ ಇಟ್ಟಿಗೆ ಕಟ್ಟಡಗಳ ಸಾಲು, ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆ. ಅಮೆರಿಕದಲ್ಲೇ ಇಷ್ಟು ದೊಡ್ಡ ಸರ್ಕಾರಿ ವಸತಿ ಮತ್ತೊಂದಿಲ್ಲ. ರ‍್ಯಾಪ್ ಲೋಕದ ಮಾರ್ಲಿ ಮಾರ್ಲ್, ಎಂಸಿ ಶಾನ್, ನ್ಯಾಸ್ ಎಲ್ಲರೂ ಇಲ್ಲಿಂದ ಬಂದವರೇ. ಹ್ಯಾವಕ್ ಕೂಡ ಇಲ್ಲಿಯವನು.

ಪ್ರಾಡಿಜಿ ಇಲ್ಲಿಯವನಲ್ಲ. ಅವನದು ಲಾಂಗ್ ಐಲೆಂಡ್‌ನ ಹೆಂಪ್‌ಸ್ಟೆಡ್. ಸಂಗೀತದ ಮನೆತನ. ತಾತ ಬಡ್ ಜಾನ್ಸನ್ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕರು. ತಾಯಿ ‘ದಿ ಕ್ರಿಸ್ಟಲ್ಸ್’ ಅನ್ನುವ ಗಾಯಕಿಯರ ತಂಡದಲ್ಲಿ ಹಾಡಿದವರು. ಅಜ್ಜಿ ಕ್ವೀನ್ಸ್‌ನಲ್ಲಿ ಡಾನ್ಸ್ ಶಾಲೆ ನಡೆಸುತ್ತಿದ್ದರು. ಹುಡುಗರಿಬ್ಬರೂ ಸೇರಿದ್ದು ಮ್ಯಾನ್‌ಹಟನ್‌ನ ಒಂದು ಹೈಸ್ಕೂಲಿನಲ್ಲಿ. ಚಿತ್ರಕಲೆ, ವಿನ್ಯಾಸ ಹೇಳಿಕೊಡುವ ಶಾಲೆ ಅದು.

ಮೊದಲ ಆಲ್ಬಂ ‘ಜುವೆನೈಲ್ ಹೆಲ್’ ಬಂದದ್ದು 1993ರಲ್ಲಿ. ಹದಿಹರೆಯದ ಹುಡುಗರು, ರ‍್ಯಾಪ್‌ಗೆ ಬೀಟ್ ಕಟ್ಟಿಕೊಡುವ ದೊಡ್ಡ ದೊಡ್ಡ ಪ್ರೊಡ್ಯೂಸರ್‌ಗಳು, ಎಲ್ಲ ಇತ್ತು. ಆದರೆ ಮಾರಾಟ ಆಗಲಿಲ್ಲ. ಕಂಪನಿ ಕೈಬಿಟ್ಟಿತು. ಆ ವಯಸ್ಸಿಗೇ ನಿಮ್ಮ ಕಥೆ ಮುಗೀತು ಅಂತ ಹೇಳಿಸಿಕೊಳ್ಳೋದು ಅಂದರೆ ಯೋಚನೆ ಮಾಡಿ. ಮರುವರ್ಷ ಏಪ್ರಿಲ್‌ನಲ್ಲಿ ಅದೇ ಕ್ವೀನ್ಸ್‌ಬ್ರಿಡ್ಜ್‌ನ ನ್ಯಾಸ್ ತನ್ನ ಆಲ್ಬಂ ‘ಇಲ್ಮ್ಯಾಟಿಕ್’ ತಂದ. ಜಗತ್ತೇ ತಲೆದೂಗಿತು. ಪಕ್ಕದ ಕಟ್ಟಡದ ಹುಡುಗ ಇಷ್ಟು ಎತ್ತರಕ್ಕೆ ಏರಿದ್ದಾನೆ, ನಾವು ಇಲ್ಲೇ ಕೂತಿದ್ದೀವಿ. ಆ ಉರಿ ಇಲ್ಲದೆ ಎರಡನೇ ಆಲ್ಬಂ ಹೀಗೆ ಬರುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ವು-ಟ್ಯಾಂಗ್ ಕ್ಲ್ಯಾನ್ ಅನ್ನುವ ರ‍್ಯಾಪ್ ತಂಡ ಇದ್ದ ಲೌಡ್ ರೆಕಾರ್ಡ್ಸ್ ಇವರಿಗೆ ಇನ್ನೊಂದು ಅವಕಾಶ ಕೊಟ್ಟಿತು. ಈ ಸಲ ಹೊರಗಿನ ಪ್ರೊಡ್ಯೂಸರ್‌ಗಳ ಮೊರೆ ಹೋಗಲಿಲ್ಲ. ಹೆಚ್ಚಿನ ಬೀಟ್‌ಗಳನ್ನ ತಾವೇ ಮಾಡಿದರು, ಅದರಲ್ಲೂ ಹ್ಯಾವಕ್. ಹೊರಗಿನಿಂದ ಬಂದವನು ಮುಖ್ಯವಾಗಿ ಒಬ್ಬ, ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ ಕ್ಯೂ-ಟಿಪ್. ಈ ಇಬ್ಬರು ಹುಡುಗರು ಶಾಲೆಯಲ್ಲಿದ್ದಾಗ ಕ್ಯಾಸೆಟ್ ಹಿಡಿದು ರೆಕಾರ್ಡ್ ಕಂಪನಿಯ ಆಫೀಸಿನ ಹೊರಗೆ ಕಾಯುತ್ತಿದ್ದರು. ಹೋಗಿ ಬರುವ ರ‍್ಯಾಪರ್‌ಗಳನ್ನ ನಿಲ್ಲಿಸಿ ‘ನಮ್ದೊಂದು ಹಾಡು ಕೇಳಿ’ ಅನ್ನುತ್ತಿದ್ದರು. ಆಗ ನಿಂತು ಕೇಳಿದವನು ಕ್ಯೂ-ಟಿಪ್. ಈ ಆಲ್ಬಂನಲ್ಲೂ ಅವನೇ ಬಂದು ಮಿಕ್ಸಿಂಗ್‌ಗೆ ಕೈಹಚ್ಚಿದ, ಡ್ರಮ್ಸ್ ಬಿಗಿ ಮಾಡಿದ, ಮೂರು ಹಾಡುಗಳ ಸಂಗೀತಕ್ಕೂ ಕೈಜೋಡಿಸಿದ.

(ಪರದೆಯ ಮೇಲೆ: ತಿರುಗುವ ರೆಕಾರ್ಡ್, ಸೂಜಿ ಇಳಿಯುವ ಕ್ಲೋಸ್-ಅಪ್.)

ಈಗ ಶುರುವಿನಲ್ಲಿ ಕೇಳಿದ ‘ಶುಕ್ ಒನ್ಸ್ ಪಾರ್ಟ್ 2’ ಹಾಡನ್ನ ಬಿಚ್ಚಿ ನೋಡೋಣ.

1969ರಲ್ಲಿ ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾಂಕಾಕ್ ‘ಫ್ಯಾಟ್ ಆಲ್ಬರ್ಟ್ ರೊಟುಂಡಾ’ ಅನ್ನುವ ಆಲ್ಬಂ ತಂದರು. ಅದರಲ್ಲಿ ‘ಜೆಸ್ಸಿಕಾ’ ಅಂತ ಒಂದು ನಿಧಾನದ, ತುಂಬಾ ಮೃದುವಾದ ರಚನೆ ಇದೆ. ಮಳೆ ಬರುವ ಸಂಜೆ ಕಿಟಕಿ ಪಕ್ಕ ಕೂತು ಕೇಳುವಂಥದ್ದು. ಅದರಲ್ಲಿ ಹೆದರಿಕೆಯ ಸುಳಿವೂ ಇಲ್ಲ.

ಹ್ಯಾವಕ್ ಅದರಿಂದ ಪಿಯಾನೊದ ಒಂದು ಚೂರು ತೆಗೆದುಕೊಂಡ. ಹಳೆಯ ರೆಕಾರ್ಡಿನ ಸದ್ದಿನ ಚೂರು ಹಿಡಿದು ಮತ್ತೆ ನುಡಿಸುವ ಆ ಕಾಲದ ಸ್ಯಾಂಪ್ಲರ್ ಯಂತ್ರಗಳಲ್ಲಿ ಕೆಲವು ಸೆಕೆಂಡಿನಷ್ಟು ಸದ್ದು ಮಾತ್ರ ಹಿಡಿಸುತ್ತಿತ್ತು. ಆ ಚೂರಿನ ಶ್ರುತಿಯನ್ನ ಕೆಳಗೆ ಇಳಿಸಿದ. ಈ ಯಂತ್ರದಲ್ಲಿ ಶ್ರುತಿ ಇಳಿಸಿದರೆ ವೇಗವೂ ಇಳಿಯುತ್ತದೆ. ಸ್ವರ ಉದ್ದವಾಗುತ್ತದೆ, ಅಂಚು ಮಸುಕಾಗುತ್ತದೆ. ಪಿಯಾನೊ ಪಿಯಾನೊ ತರ ಕೇಳಿಸೋದೇ ಇಲ್ಲ. ನೆಲಮಾಳಿಗೆಯಲ್ಲಿ ಯಾರೋ ಮುಲುಗಿದ ಹಾಗಾಗುತ್ತದೆ. ಆಮೇಲೆ ಅದನ್ನೇ ತುಂಡು ಮಾಡಿ, ಹಿಂದೆ ಮುಂದೆ ಜೋಡಿಸಿ, ಹೊಸ ಓಟ ಕಟ್ಟಿದ. ಡ್ರಮ್ಸ್ ಬಂದದ್ದು ಆಸ್ಟ್ರೇಲಿಯಾದ ಡೇಲಿ-ವಿಲ್ಸನ್ ಬಿಗ್ ಬ್ಯಾಂಡ್‌ನ ರೆಕಾರ್ಡಿನಿಂದ. ಸೈರನ್ ಹಾಗೆ ಕೂಗುವ ಸದ್ದು ಕ್ವಿನ್ಸಿ ಜೋನ್ಸ್ ಸಿನಿಮಾಕ್ಕೆ ಮಾಡಿದ ಸಂಗೀತದ್ದು.

ಈ ಪಿಯಾನೊ ಎಲ್ಲಿಂದ ಬಂತು ಅಂತ ಹುಡುಕುವವರು ವರ್ಷಗಟ್ಟಲೆ ಹುಡುಕಿದರು. ಹಳೆಯ ರೆಕಾರ್ಡುಗಳನ್ನ ರಾತ್ರಿಯೆಲ್ಲಾ ಜಾಲಾಡುವ ಜನ ಅವರು. ಅವರಿಗೂ ಸಿಗಲಿಲ್ಲ. ಕೊನೆಗೆ ಗೊತ್ತಾದದ್ದು 2011ರಲ್ಲಿ. ಹಾಡು ಬಂದು 16 ವರ್ಷ ಆಗಿತ್ತು! ಅಷ್ಟರಮಟ್ಟಿಗೆ ಆ ಮೃದುವಾದ ರಾಗದ ಮುಖ ಬದಲಾಗಿತ್ತು. ಆಶ್ಚರ್ಯ ಏನು ಗೊತ್ತಾ? ಈ ಬೀಟನ್ನ ಹ್ಯಾವಕ್ ಅಳಿಸಿಯೇ ಬಿಡುತ್ತಿದ್ದ. ಅವನಿಗೆ ಅದರ ಬಗ್ಗೆ ಅಷ್ಟು ನಂಬಿಕೆ ಇರಲಿಲ್ಲ. ಸುತ್ತಲಿದ್ದವರು ತಡೆದರು.

ಈಗ ಮಾತಿಗೆ ಬರೋಣ. ‘ಶುಕ್’ ಅಂದರೆ ನಡುಗಿದವನು. ‘ಶುಕ್ ಒನ್ಸ್’ ಅಂದರೆ ಪುಕ್ಕಲರು, ಹೊರಗೆ ರೌಡಿ ವೇಷ ಹಾಕಿ ಒಳಗೆ ಕಾಲು ನಡುಗುವವರು. ಹಾಡು ಅಂಥವರನ್ನ ಬೈಯುತ್ತದೆ. ಆದರೆ ಒಂದು ಸಾಲು ಕೇಳಿ. ನನಗೆ ವಯಸ್ಸು ಹತ್ತೊಂಬತ್ತೇ, ಮನಸ್ಸು ಮಾತ್ರ ಮುದಿಯಾಗಿದೆ ಅನ್ನುತ್ತಾನೆ ಪ್ರಾಡಿಜಿ. ಜಂಬ ಪಡುವವನ ಬಾಯಿಂದ ಈ ಮಾತು ಬರಲ್ಲ. ಮಲಗಿದರೆ ನಿದ್ದೆ ಬಾರದ ಹುಡುಗನ ಮಾತು ಅದು.

ಉಳಿದ ಹಾಡುಗಳಲ್ಲೂ ಇದೇ ಇದೆ. ‘ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್’ನಲ್ಲಿ ಮನೆಯ ಹೊರಗೆ ಯುದ್ಧ ನಡೆಯುತ್ತಿದೆ, ಯಾರೂ ತಪ್ಪಿಸಿಕೊಳ್ಳೋಕಾಗಲ್ಲ. ‘ಟ್ರೈಫ್ ಲೈಫ್’ನಲ್ಲಿ ಒಂದು ಹುಡುಗಿ ಫೋನ್ ಮಾಡಿ ಕರೆಯುತ್ತಾಳೆ. ಬೇರೆ ಯಾವ ಹಾಡಿನಲ್ಲಾದರೂ ಇದು ಖುಷಿಯ ವಿಷಯ, ಅಲ್ವಾ? ಇಲ್ಲಿ ಹುಡುಗನ ತಲೆಗೆ ಬರುವುದು ಇದು ಬಲೆಯಾ ಅನ್ನುವ ಅನುಮಾನ.

ನನ್ನನ್ನ ಜಾಸ್ತಿ ಕಾಡುವುದು ‘ಟೆಂಪರೇಚರ್ಸ್ ರೈಸಿಂಗ್’. ಹ್ಯಾವಕ್‌ನ ಒಡಹುಟ್ಟಿದವನನ್ನ ಪೊಲೀಸರು ಹುಡುಕುತ್ತಿದ್ದ ಹೊತ್ತಿನ ಹಾಡು. ತಲೆಮರೆಸಿಕೊಂಡವನಿಗೆ ಮನೆಯಿಂದ ಹೇಳಿ ಕಳಿಸಿದ ಮಾತಿನ ಹಾಗಿದೆ. ಸದ್ಯಕ್ಕೆ ಈ ಕಡೆ ಬರಬೇಡ, ಫೋನಿನಲ್ಲಿ ಮಾತಾಡುವಾಗ ಹುಷಾರು, ಯಾರೋ ಬಾಯಿ ಬಿಟ್ಟಿದ್ದಾರೆ. ಹಿಂದೆ ಗಾಯಕಿ ಕ್ರಿಸ್ಟಲ್ ಜಾನ್ಸನ್ ದನಿ ತಂಪಾಗಿ ಹಾಡುತ್ತಿರುತ್ತದೆ. ಹಾಡು ಇಂಪಾಗಿದೆ, ಕೇಳುವಾಗ ಹೊಟ್ಟೆಯಲ್ಲಿ ಸಂಕಟ. ತಪ್ಪು ಸರಿ ಅನ್ನುವ ತೀರ್ಪು ಇಲ್ಲ. ಮನೆಯ ಒಬ್ಬ ಮನೆಗೆ ಬರುವಂತಿಲ್ಲ, ಅಷ್ಟೇ.

ಒಂದು ಪದದ ಬಗ್ಗೆ ಹೇಳಲೇಬೇಕು. ನ್ಯೂಯಾರ್ಕ್ ಹುಡುಗರು ಗೆಳೆಯನನ್ನ ‘ಸನ್’ ಅಂತ ಕರೆಯುತ್ತಾರೆ. ಅಂದರೆ ಮಗ. ನಾವು ‘ಏನ್ ಮಗಾ’ ಅನ್ನಲ್ವಾ, ಅದೇ ಥರ! ಕ್ವೀನ್ಸ್‌ಬ್ರಿಡ್ಜ್‌ನಲ್ಲಿ ಒಬ್ಬನಿಗೆ ‘ಸ’ ಅಕ್ಷರ ಹೊರಳುತ್ತಿರಲಿಲ್ಲವಂತೆ. ಅವನ ಬಾಯಲ್ಲಿ ‘ಸನ್’ ಹೋಗಿ ‘ಡನ್’ ಆಯಿತು. ಕೇರಿಯವರೆಲ್ಲ ಅದನ್ನೇ ಹಿಡಿದರು. ಆಮೇಲೆ ಈ ಜೋಡಿಯ ಹಾಡುಗಳಿಂದ ಆ ಪದ ದೇಶ ದೇಶ ಸುತ್ತಿತು. ಹೊರಗಿನವರಿಗೆ ಅರ್ಥ ಆಗಲಿ ಅಂತ ಇವರು ಭಾಷೆ ತಿದ್ದಿಕೊಳ್ಳಲಿಲ್ಲ. ನನಗೆ ಇದು ತುಂಬಾ ಇಷ್ಟ. ಕೇರಿಯ ಮಾತು ಕೇರಿಯ ಹಾಗೇ ಬಂತು, ಕೇಳುವವರು ಕಲಿತುಕೊಂಡರು.

ಇಷ್ಟವಾಗದ್ದೂ ಇದೆ. ಹೆಣ್ಣುಮಕ್ಕಳ ಬಗ್ಗೆ ಕೆಲವು ಸಾಲುಗಳು ಒರಟಾಗಿವೆ, ಕಿವಿಗೆ ಚುಚ್ಚುತ್ತವೆ. ಪ್ರೀತಿಯ ಆಲ್ಬಂ ಅಂತ ನಾನು ಅದನ್ನ ಮುಚ್ಚಿಡಲ್ಲ. ಆದರೂ ಆಲ್ಬಂ ಗೆದ್ದಿತು: ಅಮೆರಿಕದ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 15ನೇ ಸ್ಥಾನ ತಲುಪಿತು, ಕೆಲವೇ ತಿಂಗಳಲ್ಲಿ ಐದು ಲಕ್ಷ ಪ್ರತಿಗೆ ಕೊಡುವ ಗೋಲ್ಡ್ ಮನ್ನಣೆ ಪಡೆಯಿತು. 2002ರ ‘8 ಮೈಲ್’ ಸಿನಿಮಾದಲ್ಲಿ ಎಮಿನೆಮ್ ಮಾತಲ್ಲೇ ಎದುರಾಳಿಯನ್ನ ಸೋಲಿಸುವ ಕೊನೆಯ ರ‍್ಯಾಪ್ ಬ್ಯಾಟಲ್‌ಗೆ ಇಳಿದಾಗ ಬರುವುದು ಇದೇ ‘ಶುಕ್ ಒನ್ಸ್’ ಬೀಟ್. ನಾನು ಮೊದಲು ಕೇಳಿದ್ದು ಅಲ್ಲೇ. ನಿಮ್ಮಲ್ಲೂ ಎಷ್ಟೋ ಜನ ಅಲ್ಲೇ ಕೇಳಿರ್ತೀರಿ.

(ಪರದೆಯ ಮೇಲೆ: ಮೈಕ್ ಮುಂದೆ ಪ್ರಾಡಿಜಿ. ಚಿತ್ರ ನಿಧಾನವಾಗಿ ಹತ್ತಿರ ಬರುತ್ತದೆ.)

ಪ್ರಾಡಿಜಿಯ ದನಿ ಗಮನಿಸಿ. ಕೂಗಲ್ಲ. ಅವಸರ ಇಲ್ಲ. ಎಷ್ಟೇ ಭಯಂಕರ ಮಾತಾದರೂ ಒಂದೇ ಮಟ್ಟದಲ್ಲಿ, ತಣ್ಣಗೆ ಹೇಳುತ್ತಾನೆ. ಅವನಿಗೆ ಹುಟ್ಟಿನಿಂದಲೇ ಸಿಕಲ್ ಸೆಲ್ ಕಾಯಿಲೆ ಇತ್ತು. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ ಮೂಳೆಯಲ್ಲೂ ತಡೆಯಲಾರದ ನೋವು. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಕುಟುಂಬಗಳಲ್ಲೂ ಈ ಕಾಯಿಲೆ ಇದೆ. ಅದನ್ನ ಹತ್ತಿರದಿಂದ ನೋಡಿದವರಿಗೆ ನಾನು ಏನು ಹೇಳ್ತಿದ್ದೀನಿ ಅಂತ ಗೊತ್ತಾಗುತ್ತದೆ. ಚಿಕ್ಕವನಿದ್ದಾಗಿನಿಂದ ಆಸ್ಪತ್ರೆಯ ಮಂಚದಲ್ಲಿ ನೋವಿಗೆ ಹಲ್ಲು ಕಚ್ಚಿ ಮಲಗಿದವನು, ಸಾವಿನ ಬಗ್ಗೆ ಮಾತಾಡುವಾಗ ದನಿ ಏರಿಸುವುದಿಲ್ಲ. ಆ ತಣ್ಣಗಿನ ದನಿ ಬಂದದ್ದು ಅಲ್ಲಿಂದ ಅಂತ ನಾನು ನಂಬ್ತೀನಿ. 2000ದಲ್ಲಿ ಅವನು ಒಬ್ಬನೇ ಮಾಡಿದ ಆಲ್ಬಂನಲ್ಲಿ ಈ ನೋವಿನ ಬಗ್ಗೆಯೇ ಒಂದು ಪೂರ್ತಿ ಹಾಡಿದೆ.

2017ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಒಂದು ಕಾರ್ಯಕ್ರಮ. ಮರುಭೂಮಿಯ ಬಿಸಿಲಿನ ತಿಂಗಳು. ಪ್ರಾಡಿಜಿ ಹಾಡಿದ. ಆಮೇಲೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ. ಜೂನ್ 20ರಂದು ತೀರಿಕೊಂಡ. 42 ವರ್ಷ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯಲ್ಲಿ ಎಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಹರ್ಬಿ ಹ್ಯಾಂಕಾಕ್‌ರ ‘ಜೆಸ್ಸಿಕಾ’ ಪೂರ್ತಿ ಕೇಳಿ. ಅದು ಮುಗಿದ ತಕ್ಷಣ ‘ಶುಕ್ ಒನ್ಸ್ ಪಾರ್ಟ್ 2’ ಹಾಕಿ. ಆ ಪಿಯಾನೊ ನಿಮಗೆ ಎಲ್ಲಿ ಸಿಕ್ಕಿತು, ಎಷ್ಟನೇ ಸಲ ಕೇಳಿದಾಗ ಸಿಕ್ಕಿತು ಅಂತ ಕೆಳಗೆ ಬರೀರಿ. ನನಗೆ ಏಳು ಸಲ ಬೇಕಾಯಿತು.

(ಪರದೆ ಕಪ್ಪಾಗುತ್ತದೆ. ಮೊದಲು ‘ಜೆಸ್ಸಿಕಾ’ದ ಪಿಯಾನೊ. ಅದರ ಮೇಲೆ ನಿಧಾನವಾಗಿ ಆ ಹೈ-ಹ್ಯಾಟ್.)