ಕಾರಿಗಿಂತ ಮೊದಲು ಅರ್ಥಿಂಗ್

ಕೇಳುಗರೆಲ್ಲರಿಗೂ ನಮಸ್ಕಾರ.

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ, ಮನೆ ಕರೆಂಟಿನಲ್ಲೇ ಚಾರ್ಜ್ ಆಗುತ್ತದೆಯೇ ಅಂತ. ಆಗುತ್ತದೆ. ಗೀಸರ್‌ಗೆ ಹಾಕುವಂಥ 16 ಆಂಪ್ಸ್‌ನ ಮೂರು ಪಿನ್ ಪಾಯಿಂಟ್ ಸಾಕು. ಗಂಟೆಗೆ ಸುಮಾರು 3 ಯೂನಿಟ್ ಎಳೆಯುತ್ತದೆ. 30 ಯೂನಿಟ್ ಹಿಡಿಯುವ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೂ 11 ಗಂಟೆಯಲ್ಲಿ ತುಂಬುತ್ತದೆ. ದಿನಾ ತುಮಕೂರಿನಿಂದ ಗುಬ್ಬಿಗೆ ಹೋಗಿ ಬರುವವರಿಗೆ ರಾತ್ರಿ ಎರಡು ಗಂಟೆ ಹಾಕಿದರೆ ಸಾಕು.

ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಿಮ್ಮ ಮನೆ ಅರ್ಥಿಂಗ್ ಸರಿ ಇದೆಯೇ? ಕಾರು ಬುಕ್ ಮಾಡುವ ಮೊದಲು ಅರ್ಥಿಂಗ್ ನೋಡಿಸಿ. ಬಣ್ಣ ಯಾವುದು ಅಂತ ಆಮೇಲೆ ಯೋಚಿಸಿ.

ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಒಳಗೆ ಎಲ್ಲಾದರೂ ಕರೆಂಟು ಸೋರಿದರೆ ನೆಲಕ್ಕಿಳಿಯಲು ಚಾರ್ಜರ್ ಕೇಬಲ್ಲಿನ ಅರ್ಥ್ ವೈರೇ ದಾರಿ. ಅದಕ್ಕೇ ಕೇಬಲ್ಲಿನ ಡಬ್ಬಿ ಮೊದಲು ಅರ್ಥ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹತ್ತುತ್ತದೆ, ಚಾರ್ಜ್ ಆಗುವುದಿಲ್ಲ. ಆಗ ಜನ ಏನು ಮಾಡುತ್ತಾರೆ ಅನ್ನುವುದಕ್ಕೆ ಗುಬ್ಬಿ ತಾಲ್ಲೂಕಿನ ಒಂದು ಮನೆಯ ವಿಷಯ ಹೇಳಲೇಬೇಕು.

ಆ ಮನೆಗೆ ಕಾರು ಬಂದ ದಿನವೇ ಕೆಂಪು ದೀಪ. ಮನೆ ಕಟ್ಟಿದಾಗ ಹಾಕಿದ ಅರ್ಥ್ ವೈರು ಮಣ್ಣಿನೊಳಗೆ ತುಕ್ಕು ಹಿಡಿದು ತುಂಡಾಗಿ ಎಷ್ಟು ಕಾಲವಾಗಿತ್ತೋ, ಯಾರಿಗೂ ಗೊತ್ತಿರಲಿಲ್ಲ. ಕರೆಂಟಿನ ಕೆಲಸದವನು ಬಂದ, ಸಾಕೆಟ್ ಬಿಚ್ಚಿದ, ಎರಡಿಂಚಿನ ವೈರ್ ತುಂಡಿನಿಂದ ನ್ಯೂಟ್ರಲ್‌ಗೂ, ಅಂದರೆ ಕರೆಂಟು ಕಂಬಕ್ಕೆ ವಾಪಸ್ ಹೋಗುವ ವೈರಿಗೂ, ಅರ್ಥ್ ಪಿನ್ನಿಗೂ ಒಂದು ಲೂಪ್ ಹಾಕಿದ. ಡಬ್ಬಿ ಅದನ್ನೇ ಅರ್ಥ್ ಅಂದುಕೊಂಡಿತು. ಹಸಿರು ದೀಪ ಬಂತು. ಐದು ನಿಮಿಷದ ಕೆಲಸ, ಮನೆಯವರಿಗೂ ಸಂತೋಷ. ಆಮೇಲೆ ಮುಂಗಾರು ಶುರುವಾಯಿತು. ಒಂದು ರಾತ್ರಿಯ ಗಾಳಿಗೆ ಕಂಬದ ಮೇಲೆ ಸರ್ವಿಸ್ ವೈರಿನ ನ್ಯೂಟ್ರಲ್ ಜಾಯಿಂಟ್ ಬಿಟ್ಟುಕೊಂಡಿತು. ದೀಪಗಳೆಲ್ಲ ಆರಿದವು, ಕರೆಂಟು ಹೋಯಿತು ಅಂತ ಎಲ್ಲರೂ ಮಲಗಿದರು. ಆದರೆ ಫೇಸ್, ಅಂದರೆ ಕರೆಂಟು ತರುವ ವೈರು, ಹೋಗಿರಲಿಲ್ಲ. ಅದು ಫ್ರಿಜ್ಜಿನ ಮೂಲಕ ಮನೆಯ ನ್ಯೂಟ್ರಲ್ ವೈರಿಗೆ ಬಂತು, ಅಲ್ಲಿಂದ ಆ ಎರಡಿಂಚಿನ ಲೂಪಿಗೆ, ಲೂಪಿನಿಂದ ಚಾರ್ಜರ್‌ನ ಅರ್ಥ್‌ಗೆ, ಕೊನೆಗೆ ಕಾರಿನ ಮೈಗೆ. ಬೆಳಿಗ್ಗೆ ಮನೆಯಾಕೆ ಅಂಗಳಕ್ಕೆ ನೀರು ಹಾಕಿ, ಬರಿಗಾಲಲ್ಲಿ ನಿಂತು ಕಾರಿನ ಬಾಗಿಲು ತೆಗೆದರು. ಬಾಗಿಲ ಚೌಕಟ್ಟಿನಲ್ಲಿರುವ ಬೀಗದ ಕೊಂಡಿಗೆ ಬೆರಳು ತಾಗಿತು. ಆ ಕಡೆಗೆ ಎಸೆದ ಹಾಗೆ ಬಿದ್ದರು. ಪುಣ್ಯಕ್ಕೆ ಜೀವ ಉಳಿಯಿತು. ಆಮೇಲೆ ಅದೇ ಕೊಂಡಿಗೆ ಟೆಸ್ಟರ್ ಇಟ್ಟರೆ ಟೆಸ್ಟರಿನ ದೀಪ ಉರಿಯುತ್ತಿತ್ತು. ಕರೆಂಟು ಸೋರಿದ ಕೂಡಲೇ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚೂ ಆ ಮನೆಯಲ್ಲಿ ಇರಲಿಲ್ಲ.

ದಯವಿಟ್ಟು ಕೇಳಿ, ಲೂಪ್ ಹಾಕಿಸಬೇಡಿ. ಹಾಕಿಕೊಡುತ್ತೇನೆ ಅಂದವರನ್ನು ಅಲ್ಲಿಂದಲೇ ಕಳಿಸಿ. ಬೋರ್‌ವೆಲ್ ಕೇಸಿಂಗಿಗೆ, ನೀರಿನ ಪೈಪಿಗೆ ವೈರ್ ಸುತ್ತುವುದೂ ಅರ್ಥಿಂಗ್ ಅಲ್ಲ.

ಸರಿಯಾದ ಅರ್ಥಿಂಗ್ ಅಂದರೆ ಗೋಡೆಯಿಂದ ಐದು ಅಡಿ ದೂರ, ಎಂಟೊಂಬತ್ತು ಅಡಿ ಆಳದ ಗುಂಡಿ. ಒಂದೂವರೆ ಇಂಚಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ. ಉಪ್ಪಿನ ಬದಲು ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ತುಂಬಿದರೆ ಪೈಪಿಗೆ ತುಕ್ಕು ಕಡಿಮೆ, ಹೆಚ್ಚು ಕಾಲ ಬಾಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಗರಸು ನೆಲದಲ್ಲಿ ನಾಲ್ಕು ಅಡಿಗೇ ಬಂಡೆ ಸಿಕ್ಕರೆ ಅಷ್ಟಕ್ಕೇ ಬಿಡಬೇಡಿ. ಕಾಲುವೆ ತೆಗೆದು ಜಿಐ ಪಟ್ಟಿಯನ್ನು ಉದ್ದಕ್ಕೆ ಹೂಳಿಸಿ. ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ಸತ್ತಂತೆಯೇ. ವಾರಕ್ಕೆರಡು ಬಕೆಟ್ ನೀರು ಹಾಕಿ. ಅರ್ಥ್ ಟೆಸ್ಟರಿನಿಂದ ಅಳೆಸಿದಾಗ ತಡೆ 5 ಓಮ್‌ಗಿಂತ ಕಡಿಮೆ ಬರಬೇಕು.

ಈಗಾಗಲೇ ಕಾರು ಇರುವವರು ಚಾರ್ಜ್ ಆಗುತ್ತಿರುವಾಗಲೇ, ಅದೇ ಲೈನಿನ ಇನ್ನೊಂದು ಪಾಯಿಂಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜನ್ನು ಮೀಟರಿನಿಂದ ನೋಡಿಸಿ. ಒಂದೆರಡು ವೋಲ್ಟ್ ಬಂದರೆ ಸರಿ. ಹತ್ತು, ಇಪ್ಪತ್ತು ಬಂದರೆ ಅರ್ಥಿಂಗ್ ಕೆಟ್ಟಿದೆ. ಸೊನ್ನೆ ಬಿಟ್ಟು ಅಲುಗದಿದ್ದರೆ ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿಸಿ. ಒಳಗೆ ಲೂಪ್ ಇರುವ ಅನುಮಾನವಿದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೀಟರ್ ಬೋರ್ಡಿನಿಂದ ಕಾರಿಗೆ ಬೇರೆಯದೇ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಕರೆಂಟು ಮಿತಿ ಮೀರಿದರೆ ಬೀಳುವ 20 ಆಂಪ್ಸ್ ಎಂಸಿಬಿ, 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ. ಆರ್‌ಸಿಸಿಬಿ, ಚಾರ್ಜರ್‌ನಿಂದ ಸೋರುವ ಮಿಡಿಯುವ ಡಿಸಿ ಕರೆಂಟನ್ನೂ ಹಿಡಿಯುವ ಎ ಟೈಪ್ ಇರಲಿ, ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಎಸಿ ಟೈಪ್ ಕೊಟ್ಟುಬಿಡುತ್ತಾರೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಸಡಿಲವಾದ ಪಿನ್ನಿನಲ್ಲಿ ಓಮಿನ ಹತ್ತನೇ ಒಂದು ಭಾಗ ತಡೆ ಇದ್ದರೂ 15 ಆಂಪ್ಸ್ ಹರಿಯುವಾಗ 22 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ನನ್ನು ರಾತ್ರಿಯಿಡೀ ಸಾಕೆಟ್ಟಿನೊಳಗೆ ಇಟ್ಟಂತೆ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೇಲೆ ಕೈಯಿಡಿ, ಬಿಸಿ ತಾಳದಿದ್ದರೆ ಸಾಕೆಟ್ ಬದಲಿಸಿ. ಪಂಪ್‌ಸೆಟ್ ಲೈನಿನಿಂದ ಎಳೆಯಬೇಡಿ, ಅದು ಕಾನೂನಿಗೂ ವಿರುದ್ಧ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಬರೆದಿರುತ್ತದೆ. 1 ಅಥವಾ 2 ಕಿಲೋವ್ಯಾಟ್ ಇದ್ದರೆ ಬೆಸ್ಕಾಂ ಉಪವಿಭಾಗದಲ್ಲಿ ಹೆಚ್ಚಿಸಿಕೊಳ್ಳಿ. ಗೃಹಜ್ಯೋತಿ ಪಡೆಯುವವರು ಲೆಕ್ಕ ಹಾಕಿಕೊಳ್ಳಿ. ತಿಂಗಳಿಗೆ 1000 ಕಿಲೋಮೀಟರ್ ಓಡಿಸಿದರೆ ಕಾರಿಗೇ ಸುಮಾರು 160 ಯೂನಿಟ್ ಬೇಕು. ಮನೆಯದೂ ಸೇರಿ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ. ಆ ಹಣ ಉಳಿಸಲು ಅರ್ಥಿಂಗ್ ಗುಂಡಿಯ ಖರ್ಚಿಗೆ ಮಾತ್ರ ಕೈ ಹಾಕಬೇಡಿ. ನಮಸ್ಕಾರ.