ಊರಿಗೊಬ್ಬ ಸರ್ಕಾರಿ ಕವಿ ಯಾಕೆ ಬೇಕು?

ನಮಸ್ಕಾರ ಎಲ್ರಿಗೂ. 2016ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಫುಟ್‌ಪಾತ್ ಮೇಲೆ ಕವಿತೆಗಳ ಸ್ಟೆನ್ಸಿಲ್ ಇಟ್ಟು, ನೀರು ಹಿಡಿಯದ ಒಂಥರ ಸ್ಪ್ರೇ ಹೊಡೆದ್ರು. ಬಿಸಿಲಿದ್ದಾಗ ನೋಡಿದ್ರೆ ಏನೂ ಇಲ್ಲ, ಬರೀ ಕಾಂಕ್ರೀಟು. ಮಳೆ ಬಂತು ಅಂದ್ರೆ ಸುತ್ತಲಿನ ನೆಲ ನೆನೆದು ಕಪ್ಪಾಗತ್ತೆ, ಸ್ಪ್ರೇ ಬಿದ್ದ ಜಾಗ ಮಾತ್ರ ಒಣಗಿದಂಗೇ ಇರತ್ತೆ, ಆಗ ಕಾಲಡಿ ಕವಿತೆ ಎದ್ದು ಕಾಣತ್ತೆ. ಕೆಲವು ವಾರ ಆದ್ಮೇಲೆ ಅದು ತಾನಾಗೇ ಅಳಿಸಿಹೋಗತ್ತೆ. ಮಾಸ್ ಪೊಯೆಟ್ರಿ ಅನ್ನೋ ಸಂಸ್ಥೆ, ಸಿಟಿ ಆಡಳಿತ ಎರಡೂ ಸೇರಿ ಮಾಡಿದ ಕೆಲಸ ಇದು, ಮೊದಲ ಕವಿತೆಗಳನ್ನ ಆರಿಸಿದ್ದು ಆಗ ಆ ಊರಿನ ಪೊಯೆಟ್ ಲಾರಿಯೇಟ್ ಆಗಿದ್ದ ಡ್ಯಾನಿಯೆಲ್ ಲೆಗ್ರೋಸ್ ಜಾರ್ಜಸ್.

ಪೊಯೆಟ್ ಲಾರಿಯೇಟ್ ಅಂದ್ರೆ ಆ ಊರಿನ ಅಧಿಕೃತ ಕವಿ. ನಮಗೆ ರಾಷ್ಟ್ರಕವಿ ಅಂದ ತಕ್ಷಣ ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ನೆನಪಾಗ್ತಾರೆ, ಆ ಬಿರುದು ಕೊನೇವರೆಗೂ ಅವರ ಜೊತೆ ಇತ್ತು. ನಗರದ ಕವಿಗೆ ಅವಧಿ ಅಂತ ಇರತ್ತೆ, ಹೆಚ್ಚಾಗಿ ಎರಡು ಮೂರು ವರ್ಷ, ಆಮೇಲೆ ಇನ್ನೊಬ್ರು ಬರ್ತಾರೆ. ಅದಕ್ಕೇ ನಾನು ಇದನ್ನ ಪ್ರಶಸ್ತಿ ಅಂತ ಕರೆಯಲ್ಲ, ನೌಕರಿ ಅಂತೀನಿ.

ಈ ಹುದ್ದೆ ಹುಟ್ಟಿದ್ದು ಅರಮನೆಲಿ. 1668ರಲ್ಲಿ ಇಂಗ್ಲೆಂಡಿನ ರಾಜ ಇದನ್ನ ಜಾನ್ ಡ್ರೈಡನ್ ಅನ್ನೋ ಕವಿಗೆ ಅಧಿಕೃತವಾಗಿ ಕೊಟ್ಟ, ರಾಜಮನೆತನದ ಹುಟ್ಟುಹಬ್ಬ, ಮದುವೆ, ಯುದ್ಧ ಇಂಥವಕ್ಕೆ ಪದ್ಯ ಬರೆಯೋ ಸಂಪ್ರದಾಯ ಬೆಳೀತು. ಅಲ್ಲಿಂದ ಅದು ಊರಿಗೆ ಇಳಿದು ಬಂದಿದ್ದು ತುಂಬಾ ಈಚೆಗೆ. ಸ್ಯಾನ್ ಫ್ರಾನ್ಸಿಸ್ಕೋ 1998ರಲ್ಲಿ ತನ್ನ ಮೊದಲ ಕವಿಯನ್ನ ನೇಮಿಸಿತು, ಲಾರೆನ್ಸ್ ಫರ್ಲಿಂಗೆಟ್ಟಿ. ಇದೇ ಫರ್ಲಿಂಗೆಟ್ಟಿ ಒಂದು ಕವನ ಸಂಕಲನ ಪ್ರಕಟಿಸಿದ್ದಕ್ಕೆ 1957ರಲ್ಲಿ ಅದೇ ಊರಲ್ಲಿ ಅಶ್ಲೀಲತೆ ಕೇಸಲ್ಲಿ ಅರೆಸ್ಟ್ ಆಗಿ, ಕೋರ್ಟು ಕಚೇರಿ ಅಲೆದು, ಕೊನೆಗೆ ಗೆದ್ದವರು. ನಾಲ್ಕು ದಶಕ ಆದ್ಮೇಲೆ ಮೇಯರ್ ಕರೆದು ನೀವೇ ನಮ್ಮ ಊರಿನ ಕವಿ ಅಂದ್ರು! ಟೊರಾಂಟೊ 2001ರಲ್ಲಿ ಡೆನಿಸ್ ಲೀ ಅವರನ್ನ, ಎಡಿನ್‌ಬರೊ 2002ರಲ್ಲಿ ಸ್ಟೀವರ್ಟ್ ಕಾನ್ ಅವರನ್ನ ನೇಮಿಸಿಕೊಂಡವು.

ಆಯ್ಕೆ ಹೆಂಗೆ ಅಂದ್ರೆ, ಸಾಮಾನ್ಯವಾಗಿ ಸಿಟಿಯ ಕಲಾ ವಿಭಾಗನೋ ಲೈಬ್ರರಿನೋ ಅರ್ಜಿ ಕರೆಯತ್ತೆ, ಕಮಿಟಿ ಒಂದಷ್ಟು ಹೆಸರು ಸೋಸತ್ತೆ, ಕೊನೇ ಮಾತು ಹೆಚ್ಚಾಗಿ ಮೇಯರ್‌ದು.

ಈಗ ನನಗೆ ಅತಿ ಮುಖ್ಯ ಅನ್ಸೋ ವಿಷಯಕ್ಕೆ ಬರ್ತೀನಿ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ನೆದರ್ಲೆಂಡ್ಸ್‌ನಲ್ಲಿ ಗ್ರೋನಿಂಗೆನ್ ಅಂತ ಒಂದು ಊರು. ಅಲ್ಲಿನ ನಗರಕವಿ ಬಾರ್ಟ್ ಎಫ್ಎಂ ದ್ರೂಖ್ ಒಂದು ಕೆಲಸ ಶುರು ಮಾಡಿದ್ರು, ಅದನ್ನ 2002ರಲ್ಲಿ ಎಫ್. ಸ್ಟಾರಿಕ್ ಅನ್ನೋ ಕವಿ ಆಮ್‌ಸ್ಟರ್‌ಡ್ಯಾಮ್‌ಗೆ ತಂದ್ರು. ಕೆಲಸ ಏನಪ್ಪಾ ಅಂದ್ರೆ, ಊರಲ್ಲಿ ಯಾರೋ ಸತ್ತಿರ್ತಾರೆ, ಹಿಂದೆ ಮುಂದೆ ಯಾರೂ ಇಲ್ಲ, ಮಣ್ಣಿಗೆ ಬರೋಕೆ ಒಬ್ರೂ ಇಲ್ಲ. ಖರ್ಚು ಮುನ್ಸಿಪಾಲಿಟಿದು. ಅಧಿಕಾರಿಗಳು ಸತ್ತವರ ಮನೆಗೆ ಹೋಗಿ ಬಂಧುಗಳ ವಿಳಾಸ ಏನಾದ್ರೂ ಸಿಗತ್ತಾ ಅಂತ ಹುಡುಕ್ತಾರೆ, ಆಗ ಕಣ್ಣಿಗೆ ಬಿದ್ದಿದ್ದನ್ನ, ಗೊತ್ತಾದ ಅಷ್ಟಿಷ್ಟು ವಿವರವನ್ನ ಕವಿಗೆ ತಿಳಿಸ್ತಾರೆ. ಕೆಲವು ಸಲ ಹೆಸರು, ಹುಟ್ಟಿದ ದಿನ ಇಷ್ಟೇ. ಕೆಲವು ಸಲ ಹೆಸರೂ ಇರಲ್ಲ. ಅಷ್ಟರಲ್ಲೇ, ಕೆಲವೇ ದಿನದಲ್ಲಿ, ಕವಿ ಆ ಒಬ್ಬ ಮನುಷ್ಯನಿಗೆ ಅಂತಲೇ ಒಂದು ಪದ್ಯ ಬರೆದು ಸ್ಮಶಾನಕ್ಕೆ ಹೋಗಿ ಶವಪೆಟ್ಟಿಗೆ ಪಕ್ಕ ನಿಂತು ಓದ್ತಾರೆ. ಕೇಳೋರು ಯಾರು? ಪೆಟ್ಟಿಗೆ ಹೊರೋರು, ಒಬ್ಬ ಅಧಿಕಾರಿ, ಅಷ್ಟೇ. ಚಪ್ಪಾಳೆ ಇಲ್ಲ, ಹಾರ ತುರಾಯಿ ಇಲ್ಲ. ಸ್ಟಾರಿಕ್ ಪದ್ಯ ಓದಿ ಬಂದು ಸುಮ್ನಾಗ್ತಿರಲಿಲ್ಲ, ಅವತ್ತು ಏನೇನಾಯ್ತು, ಯಾವ ಸಂಗೀತ ಹಾಕಿದ್ರು, ಎಲ್ಲಾ ಬರೆದಿಡ್ತಿದ್ರು. 2018ರಲ್ಲಿ ಅವರು ತೀರಿಕೊಂಡ್ರು, ಕೆಲಸ ನಿಲ್ಲಲಿಲ್ಲ, ಬೆಲ್ಜಿಯಂನ ಆಂಟ್‌ವರ್ಪ್‌ಗೂ ಅದು ಆಗಲೇ ಹೋಗಿತ್ತು.

ಪಬ್ಲಿಕ್ ದುಡ್ಡಲ್ಲಿ ಕವಿತೆ ಯಾಕೆ, ರೋಡ್ ಮಾಡ್ಸಿ ಮೊದಲು ಅಂತ ಯಾರಾದ್ರೂ ಕೇಳಿದ್ರೆ ನಾನು ಕೊಡೋ ಉತ್ತರ ಇದೇ. ಊರಿನ ಪರವಾಗಿ ಯಾರೋ ಒಬ್ರು ಹೋಗಿ ಆ ಮನುಷ್ಯನಿಗೆ ನಾಲ್ಕು ಮಾತು ಹೇಳ್ಬೇಕು, ಆ ನಾಲ್ಕು ಮಾತನ್ನ ಚೆನ್ನಾಗಿ ಹೇಳೋಕೆ ಬರೋದು ಕವಿಗೆ.

ಬೇರೆ ಕಾರ್ಯಕ್ರಮಗಳೂ ಇವೆ. ಲಂಡನ್ನಿನ ಮೆಟ್ರೋ ಬೋಗಿಗಳಲ್ಲಿ 1986ರಿಂದ ಜಾಹೀರಾತುಗಳ ಸಾಲಲ್ಲೇ ಕವಿತೆ ಅಂಟಿಸ್ತಿದ್ದಾರೆ, ನ್ಯೂಯಾರ್ಕ್ 1992ರಲ್ಲಿ ಅದೇ ದಾರಿ ಹಿಡೀತು. ಹುಡುಗರಿಗೇ ಬೇರೆ ಹುದ್ದೆನೂ ಇದೆ. 2021ರಲ್ಲಿ ಅಮೆರಿಕದ ಅಧ್ಯಕ್ಷರ ಪ್ರಮಾಣವಚನದಲ್ಲಿ ಕವಿತೆ ಓದಿದ 22 ವರ್ಷದ ಅಮಾಂಡಾ ಗೋರ್ಮನ್ ನೆನಪಿದಾರಲ್ಲ, ಅವರು 2014ರಲ್ಲೇ ಲಾಸ್ ಏಂಜಲೀಸ್‌ನ ಯೂತ್ ಪೊಯೆಟ್ ಲಾರಿಯೇಟ್ ಆಗಿದ್ರು, ಊರು ಮೊದಲು ಗುರುತಿಸ್ತು, ದೇಶ ಆಮೇಲೆ.

ದುಡ್ಡಿನ ವಿಷಯ ಹೇಳ್ಲೇಬೇಕು. ಎಷ್ಟೋ ಊರಲ್ಲಿ ಗೌರವಧನ ಅನ್ನೋದು ಹೆಸರಿಗಷ್ಟೇ, ಶಾಲೆಗೂ ಹೋಗಿ, ಲೈಬ್ರರಿಗೂ ಬನ್ನಿ, ಸಮಾರಂಭಕ್ಕೆ ಪದ್ಯನೂ ಬರೀರಿ ಅಂತಾರೆ, ಇದು ನನಗೆ ಸರಿ ಕಾಣಲ್ಲ. ಅಮೆರಿಕದಲ್ಲಿ ಅಕಾಡೆಮಿ ಆಫ್ ಅಮೆರಿಕನ್ ಪೊಯೆಟ್ಸ್ 2019ರಿಂದ ಇಂಥ ಕವಿಗಳಿಗೆ ಅಂತಲೇ ಫೆಲೋಶಿಪ್ ಕೊಡ್ತಿದೆ, ಅದು ಸಿಗೋದು ಆಯ್ದ ಕೆಲವರಿಗೆ ಮಾತ್ರ.

ಇನ್ನೊಂದು ತೊಡಕು ಕವಿ ಆಡಳಿತಕ್ಕೆ ಹಿಡಿಸದ್ದನ್ನ ಬರೆದಾಗ ಬರತ್ತೆ. ಇದು ಊರಿನದ್ದಲ್ಲ, ರಾಜ್ಯದ ಉದಾಹರಣೆ. 2002ರಲ್ಲಿ ನ್ಯೂಜೆರ್ಸಿಯ ಅಧಿಕೃತ ಕವಿ ಅಮಿರಿ ಬರಾಕ ಸೆಪ್ಟೆಂಬರ್ 11ರ ದಾಳಿ ಬಗ್ಗೆ ಬರೆದ ಕವಿತೆಲಿ ಯಹೂದಿ ದ್ವೇಷ ಇದೆ ಅಂತ ದೊಡ್ಡ ಗಲಾಟೆ ಆಯ್ತು. ಗವರ್ನರ್ ರಾಜೀನಾಮೆ ಕೊಡಿ ಅಂದ್ರು, ಅವರು ಕೊಡಲ್ಲ ಅಂದ್ರು, ಕಾನೂನಲ್ಲಿ ತೆಗೆದುಹಾಕೋಕೆ ದಾರಿನೇ ಇರಲಿಲ್ಲ, ಕೊನೆಗೆ 2003ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿಬಿಟ್ರು. ಆ ಕವಿತೆಯ ಕೆಲವು ಸಾಲು ನನಗೂ ತಪ್ಪು ಅನ್ಸತ್ತೆ, ಆದ್ರೂ ಒಬ್ಬರ ಮೇಲಿನ ಸಿಟ್ಟಿಗೆ ಮುಂದೆ ಬರಬೇಕಾಗಿದ್ದ ಕವಿಗಳೆಲ್ಲರ ಕುರ್ಚಿ ಹೋಯ್ತು. ಯಾವ ಊರಾದ್ರೂ ಹೊಸದಾಗಿ ಈ ಹುದ್ದೆ ಮಾಡೋದಾದ್ರೆ ಸಂಬಳ ಎಷ್ಟು, ಅವಧಿ ಎಷ್ಟು, ಜಗಳ ಬಂದ್ರೆ ತೀರ್ಮಾನ ಯಾರದ್ದು, ಈ ಮೂರನ್ನೂ ಮೊದಲೇ ಬರೆದಿಟ್ಟು ಆಮೇಲೆ ಕವಿನ ಕರೀಬೇಕು.